ಚೆಲ್ಲಿಹೋಗುವ ಸಮುದ್ರ

ಇಲ್ಲ ಕಿನು ಅಕ್ಕ, ಆ ಫೋಟೊನ ನೇರ ಮಾಡೋಕೆ ಬರಲ್ಲ. ಬರೋ ಹಾಗಿದ್ದಿದ್ರೆ ಮಾಡಿಕೊಂಡೇ ತರ್ತಿದ್ನಲ್ಲ… ಹಾಗೆ ನೋಡಬೇಡಿ. ಸೋಮಾರಿತನದ ಮಾತಲ್ಲ ಇದು. ನಿಮ್ಮ ಯಜಮಾನರು, ನಮ್ಮ ಮೇಷ್ಟ್ರ ಸ್ಟುಡಿಯೋದ ಕತ್ತಲೆ ಕೋಣೆಯಲ್ಲೇ ನನ್ನ ತಲೆ ನರೆತದ್ದು. ಈ ದ್ವೀಪದಲ್ಲಿ ತೀರಿಹೋದವರ ಎಷ್ಟು ಮುಖ ತಿದ್ದಿದೀನೋ ಆ ಅಮಿದಾ ಬುದ್ಧನಿಗೇ ಗೊತ್ತು. ಸೊಟ್ಟ ಕಾಲರು, ಜಾರಿದ ಭುಜ, ಒಂದು ಕಡೆ ಎಳೆದ ತುಟಿ, ಎಲ್ಲಾನೂ ಸರಿ ಮಾಡಿ, ಗೋಡೆಗೆ ಏರಿಸೋ ಹಾಗೆ ಮಾಡಿ ಕೊಟ್ಟಿದೀನಿ. ಇದೊಂದು ಆಗಲ್ಲ.

ದಿಂಬು ಬೇಡ, ಚಾಪೆ ಮೇಲೇ ಕೂತ್ಕೋತೀನಿ. ಮೊದಲು ಮೇಷ್ಟ್ರಿಗೆ ಒಂದು ಊದುಬತ್ತಿ ಹಚ್ಚಿಬಿಡ್ತೀನಿ, ಆಮೇಲೆ ಮಾತು. ನಮ್ಮ ಪದ್ಧತಿಯ ಹಾಗೆ ಎರಡು ತುಂಡು ಮಾಡಿ, ಬೂದಿಯ ಮೇಲೆ ಮಲಗಿಸಿ… ನಮು ಅಮಿದಾ… ನಮು… ಕ್ಷಮಿಸಿ, ಗಂಟಲು ಹಿಡಿದಿದೆ. ಬರುವಾಗ ದೋಣಿಕಟ್ಟೆ ಹತ್ತಿರ ಗಾಳಿ ಜಾಸ್ತಿ ಇತ್ತು.

ಆ ಪೊಟ್ಟಣ ಇನ್ನೂ ಬಿಚ್ಚಬೇಡಿ ಅಕ್ಕ. ಪಕ್ಕದಲ್ಲಿಟ್ಟುಕೊಳ್ಳಿ, ನಿಮ್ಮದೇ ಅದು, ಎಲ್ಲೂ ಹೋಗಲ್ಲ. ನಾನು ಹೇಳೋದು ಮುಗೀಲಿ.

ನಿಮ್ಮ ಚಿಂತೆ ಏನು ಅಂತ ನನಗೆ ಗೊತ್ತು. ನಾಳೆ ನಲವತ್ತೊಂಬತ್ತನೇ ದಿನದ ಪೂಜೆ. ದೇವಸ್ಥಾನದ ಗುರುಗಳು ಬರ್ತಾರೆ, ಒಸಾಕಾದಿಂದ ನಿಮ್ಮ ಮಗಳು ಬರ್ತಾಳೆ, ಮೀನುಗಾರರ ಸಂಘದವರೆಲ್ಲ ಬರ್ತಾರೆ. ಬುದ್ಧನ ಗೂಡಿನ ಪಕ್ಕ ಮೊಳೆ ಹೊಡೆಸಿಟ್ಟಿದ್ದೀರಿ, ಬಂದ ಕೂಡಲೆ ಕಣ್ಣಿಗೆ ಬಿತ್ತು. ಈ ಕಡೆ ನಿಮ್ಮ ಮಾವನ ಫೋಟೊ, ಆ ಕಡೆ ಅತ್ತೆಯದು. ಇಬ್ಬರೂ ಗದರಿಸೋ ಹಾಗೆ ನೆಟ್ಟಗೆ ನಮ್ಮನ್ನೇ ನೋಡ್ತಿದಾರೆ. ಅವರ ಸಾಲಿಗೆ ಒಂದು ಓರೆ ಫೋಟೊ ಹೇಗೆ ಹಾಕೋದು, ಅಲ್ವಾ? ಊರವರು ಏನಂತಾರೆ. ಊರಿನ ಸತ್ತವರನ್ನೆಲ್ಲ ನೆಟ್ಟಗೆ ನಿಲ್ಲಿಸಿದ ಹಿರೊಸೆ ಮೇಷ್ಟ್ರು, ತಮ್ಮ ಮನೆ ಗೋಡೆ ಮೇಲೆ ತಾವೇ ಕುಡಿದವರ ಹಾಗೆ ವಾಲಿಕೊಂಡಿದಾರೆ ಅಂತಾರೆ.

ಆದ್ರೆ ಬೇರೆ ಫೋಟೊ ಎಲ್ಲಿದೆ ಹೇಳಿ? ಊರಿಗೆಲ್ಲ ಕ್ಯಾಮರಾ ಹಿಡಿದವರ ಎದುರಿಗೆ ಕ್ಯಾಮರಾ ಹಿಡಿದವರೇ ಇಲ್ಲ. ಅಂತ್ಯಕ್ರಿಯೆ ದಿನ ನಾನು ಶಾಲೆಯ ನೂರನೇ ವರ್ಷದ ಗುಂಪುಚಿತ್ರದಲ್ಲಿ ಮೇಷ್ಟ್ರನ್ನ ಹುಡುಕಿ ದೊಡ್ಡದು ಮಾಡಿದ್ದು ನಿಮಗೆ ನೆನಪಿದೆ. ಹುರುಳಿಕಾಳಿನಷ್ಟಿದ್ದ ಮುಖ. ದೊಡ್ಡದಾಗ್ತಾ ಆಗ್ತಾ ಮಂಜಿನ ಹಾಗೆ ಕರಗಿಹೋಯ್ತು. ಸಾಲಿನಲ್ಲಿ ಕೈಮುಗಿದು ಬಂದ ಮೀನಂಗಡಿ ಒತಾನಿಯಮ್ಮ, 'ಇದು ಮೇಷ್ಟ್ರಾ, ಅವರ ತಮ್ಮನಾ?' ಅಂತ ಕೇಳೇಬಿಟ್ಲು. ನೀವು ಆವಾಗ್ಲೂ ಏನೂ ಅನ್ನಲಿಲ್ಲ.

ನೀವು ಮೊದಲಿಂದ್ಲೂ ಹಾಗೇ. 'ನಮ್ಮನೇಲಿ ಮಾತು ಶುರು ಮಾಡೋನು ನಾನು, ಮುಗಿಸೋಳು ಅವಳು' ಅಂತ ಮೇಷ್ಟ್ರು ಹೇಳ್ತಿದ್ರು. ಅವರು ಹೋದ ಮೇಲೆ ಶುರು ಮಾಡೋರೇ ಇಲ್ಲ, ಇನ್ನು ನೀವು ಮುಗಿಸೋದು ಏನನ್ನ…

ಅದೇ ಒತಾನಿಯಮ್ಮನೇ ಅಂತೆ ಅಲ್ವಾ ನಿಮಗೆ ಸುದ್ದಿ ತಂದದ್ದು? 'ನಿಮ್ಮ ಯಜಮಾನರನ್ನ ಪಟ್ಟಣದ ಫೋಟೊ ಪ್ರದರ್ಶನದಲ್ಲಿ ಗೋಡೆಗೆ ಹಾಕಿದಾರೆ, ಇನ್ನೇನು ಬೀಳೋ ಹಾಗಿದಾರೆ, ಹೋಗಿ ನೋಡಿಕೊಂಡು ಬನ್ನಿ' ಅಂತ. ನಾನೇ ಬಂದು ಹೇಳಬೇಕಿತ್ತು ಅಕ್ಕ. ನಾನು ತೆಗೆದ ಆ ಫೋಟೊನ ಅಲ್ಲಿಗೆ ಕಳಿಸೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ನಾನು ಕೇಳಲಿಲ್ಲ. ಮೇಷ್ಟ್ರ ನೆನಪಿಗೆ ಕಳಿಸ್ತಿದೀನಿ ಅಂತ ನನಗೆ ನಾನೇ ಹೇಳಿಕೊಂಡೆ. ನೀವು ದೋಣಿ ಹತ್ತಿ ಒಬ್ಬರೇ ಹೋದ್ರಂತೆ. ಬಹಳ ಹೊತ್ತು ಅದರ ಮುಂದೆ ನಿಂತಿದ್ರಂತೆ. ವಾಪಸು ಬಂದು ನನಗೆ ಹೇಳಿಕಳಿಸಿದ್ದು ಒಂದೇ ಮಾತು: 'ಅದನ್ನ ಗೋಡೆಗೆ ಹಾಕಬೇಕು, ನೇರ ಮಾಡಿ ಕೊಡು.'

ಬೈದಿದ್ರೆ ತಡ್ಕೋತಿದ್ದೆ.

ನಿಮಗೆ ನೆನಪಿದೆಯಾ, ನಾನು ಮೊಟ್ಟಮೊದಲ ಓರೆ ಫೋಟೊ ತೆಗೆದು ತಂದಾಗ ಮೇಷ್ಟ್ರು ಏನು ಮಾಡಿದ್ರು ಅಂತ? ಇದೇ ಚಾಪೆ ಮೇಲೆ ಕೂತಿದ್ರು. ಕೈಗೆ ತಗೊಂಡ್ರು. ಕತ್ತನ್ನ ಈ ಕಡೆ ವಾಲಿಸಿದ್ರು, ಆ ಕಡೆ ವಾಲಿಸಿದ್ರು. 'ಶಿನೊ, ಒಂದು ಬಕೆಟ್ ತಗೊಂಡ್ ಬಾ' ಅಂದ್ರು. ಯಾಕೆ ಮೇಷ್ಟ್ರೇ ಅಂದೆ. 'ನಿನ್ನ ಸಮುದ್ರ ಚೆಲ್ತಾ ಇದೆ. ಚಾಪೆ ನೆನೆದ್ರೆ ಕಿನು ನನ್ನ ಬೈತಾಳೆ.'

ನಕ್ರಿ. ಇಷ್ಟು ದಿನದಲ್ಲಿ ಇವತ್ತು ನಕ್ರಿ ನೀವು.

ಅವರಿಗೆ ರಸಮಟ್ಟ ಅಂದ್ರೆ ದೇವರು. ಕ್ಯಾಮರಾ ನಿಲ್ಲಿಸೋ ಮೂರುಕಾಲಿನ ಮೇಲೆ ಅದನ್ನಿಟ್ಟು, ಒಳಗಿನ ಗುಳ್ಳೆ ನಡುವಿಗೆ ಬಂದು ನಿಲ್ಲೋವರೆಗೂ ಯಾರೂ ಉಸಿರಾಡೋ ಹಾಗಿಲ್ಲ. ಮದುವಣಗಿತ್ತಿಯ ಮುಖದ ಬಿಳಿ ಬಣ್ಣ ಬೆವರಿಗೆ ಇಳಿದ್ರೂ ಸರಿ, ಗುಳ್ಳೆ ನಡುವಿಗೇ ಬರಬೇಕು. 'ಮನುಷ್ಯ ದಿನಾ ಓರೆಯಾಗೇ ಬದುಕ್ತಾನೆ ಕಣೆ. ಫೋಟೊದಲ್ಲಾದ್ರೂ ನೆಟ್ಟಗೆ ನಿಲ್ಲಿಸೋಣ' ಅಂತಿದ್ರು. ನಾನು ಎದುರು ವಾದಿಸ್ತಿದ್ದೆ. ಬೇರೆ ಯಾವುದರಲ್ಲೂ ವಾದಿಸಿದವಳಲ್ಲ, ಇದರಲ್ಲಿ ಮಾತ್ರ. ಎಲ್ಲಾನೂ ನಟ್ಟನಡುವೆ ಇಟ್ಟರೆ ಕಣ್ಣು ಬಂದು ಅಲ್ಲೇ ಕೂತು ತೂಕಡಿಸುತ್ತೆ ಮೇಷ್ಟ್ರೇ ಅಂತಿದ್ದೆ. ಭಾರವನ್ನೆಲ್ಲ ಒಂದು ಮೂಲೆಗೆ ತಳ್ಳಿ, ಇನ್ನೊಂದು ಕಡೆ ಖಾಲಿ ಬಿಡಬೇಕು. ಆಗ ಕಣ್ಣು ಎದ್ದು ಓಡಾಡುತ್ತೆ. ನೆಲದ ಮೇಲೆ ಕೂತು ಮೇಲಕ್ಕೆ ನೋಡಿ ತೆಗೆದ್ರೆ ಒತಾನಿಯಮ್ಮನೂ ಬೆಟ್ಟ ಆಗ್ತಾಳೆ, ಏಣಿ ಹತ್ತಿ ತೆಗೆದ್ರೆ ಊರಿನ ಅಧ್ಯಕ್ಷರೂ ಇಲಿಮರಿ. ದಿಗಂತದ ಗೆರೆಯನ್ನ ಎಷ್ಟು ಓರೆ ಮಾಡಬೇಕು ಅಂದ್ರೆ, ನೋಡಿದವರ ಹೊಟ್ಟೆ ಜಗ್ಗಬೇಕು, ಆದ್ರೆ ಬೀಳಬಾರದು. ಇನ್ನೇನು ಬಿತ್ತು ಅನ್ನೋ ಕಡೆ ಹಿಡಿದು ನಿಲ್ಲಿಸಬೇಕು. ಖಾಲಿ ಜಾಗ ಸುಮ್ಮನೆ ಬಿದ್ದಿರೋದಲ್ಲ, ಅದು ಈ ಕಡೆಯ ಭಾರವನ್ನ ಎಳೆದು ಹಿಡಿದಿರುತ್ತೆ.

ಇದನ್ನೇ ನಾನು ನಮ್ಮ ಫೋಟೊ ಬಳಗದವರಿಗೂ ಹೇಳಿಕೊಡೋದು. ದೇವಸ್ಥಾನದ ಪಡಸಾಲೆಯಲ್ಲಿ ಕೂತು, ದೊಡ್ಡ ತಿಳಿದವಳ ಹಾಗೆ… ಹೇಳಿಕೊಡ್ತಿದ್ದೆ. ಈಗ ಹೋಗ್ತಾ ಇಲ್ಲ.

ಯಾಕೆ ಅಂತ ಹುಬ್ಬು ಏರಿಸ್ತೀರಾ? ಹೇಳ್ತೀನಿ.

ಈ ಓರೆತನವನ್ನ ನಾನು ಪುಸ್ತಕ ಓದಿ ಕಲೀಲಿಲ್ಲ ಅಕ್ಕ. ಅಮಿದಾನ ಹತ್ತಿರವೇ ಕಲಿತದ್ದು. ದೇವಸ್ಥಾನದ ಒಳಗೆಲ್ಲ ಗುಡಿಸೋ ಸರದಿ ನನ್ನದು. ಎದುರಿಗೆ ನಿಂತು ಕೈಮುಗಿಯೋರಿಗೆ ಅದು ಕಾಣಲ್ಲ. ಪಕ್ಕದಿಂದ ಧೂಳು ಹೊಡೆಯೋಳಿಗೆ ಕಾಣುತ್ತೆ. ನಿಂತಿರೋ ಬುದ್ಧನ ಮೂರ್ತಿ ಮುಂದಕ್ಕೆ ವಾಲಿದೆ. ಪಾದದಿಂದಲೇ ವಾಲಿದೆ. ಹಳೇ ಮರ, ಹುಳ ತಿಂದಿರಬೇಕು, ಇನ್ನೇನು ಬಿತ್ತು ಅಂತ ಹೆದರಿ ಓಡಿಹೋಗಿ ಗುರುಗಳನ್ನ ಕರೆತಂದೆ. ಅವರು ಹೊಟ್ಟೆ ಹಿಡ್ಕೊಂಡು ನಕ್ಕರು. 'ಕೆತ್ತಿದವನು ಬೇಕಂತಲೇ ಹಾಗೆ ಕೆತ್ತಿದಾನೆ ತಾಯಿ. ಯಾರಾದ್ರೂ ಕೂಗಲಿ, ಆಮೇಲೆ ಏಳೋಣ ಅಂತ ಕೂತಿರೋ ದೇವರಲ್ಲ ಇವನು. ನೀನು ಕೂಗೋ ಮುಂಚೆನೇ ಹೊರಟಾಗಿದೆ' ಅಂದ್ರು.

ಅವತ್ತು ನಾನು ಅತ್ತುಬಿಟ್ಟೆ. ಪೊರಕೆ ಹಿಡಕೊಂಡೇ ಅತ್ತೆ. ಅಷ್ಟು ಚೆಂದದ ವಾಲುವಿಕೆಯನ್ನ ನಾನು ಬೇರೆಲ್ಲೂ ನೋಡಿರಲಿಲ್ಲ. ಸರಿಯಾಗಿ ನೆಟ್ಟಗೆ ನಿಂತಿದ್ರೆ ಅವನೊಬ್ಬ ದ್ವಾರಪಾಲಕ, ಅಷ್ಟೆ. ವಾಲಿದ್ದರಿಂದ ಅವನು ತಾಯಿ. ಅವತ್ತಿಂದ ನನ್ನ ಕ್ಯಾಮರಾನೂ ವಾಲ್ತು.

ಈಗ ಅಲ್ಲಿ ಒಳಗೆ ಗುಡಿಸೋವಾಗ ಪಕ್ಕದ ಕಡೆಗೆ ಹೋಗಲ್ಲ ನಾನು. ಎದುರಿಂದಷ್ಟೇ ಗುಡಿಸಿ ಬಂದುಬಿಡ್ತೀನಿ. ನಮು ಅಂತೀನಿ, ಅವನ ಹೆಸರು ಬಾಯಿಗೆ ಬರಲ್ಲ. ಗಂಟಲು ಹಿಡಿದದ್ದು ಗಾಳಿಗಲ್ಲ ಅಕ್ಕ. ನಲವತ್ತು ದಿನದ ಮೇಲಾಯ್ತು.

ಬಿಚ್ಚಿಬಿಟ್ರಾ… ಆಯ್ತು. ಬಿಚ್ಚಿ. ನಿಮ್ಮ ವಸ್ತು. ನಾನು ತಡೆಯೋಕಾಗುತ್ತಾ?

ಪ್ರದರ್ಶನದಲ್ಲಿ ಇದಕ್ಕಿಂತ ದೊಡ್ಡದಿತ್ತು. ಇದು ಗೋಡೆಯ ಅಳತೆಗೆ ಮಾಡಿದ್ದು. ಕಾಗದ ಒಳ್ಳೇದು, ಮೇಷ್ಟ್ರು ಮದುವೆಗಳಿಗೆ ಅಂತ ಎತ್ತಿಟ್ಟಿದ್ದ ಕಾಗದ. ಬೆಳಕು ಚೆನ್ನಾಗಿ ಬಂದಿದೆ ಅಲ್ವಾ? ಬಲಗಡೆ ಮೂಲೆಯಲ್ಲಿ ಮೇಷ್ಟ್ರು, ಕಟ್ಟೆಯಲ್ಲಿ ದೋಣಿ ಕಟ್ಟೋ ದಪ್ಪ ಕಬ್ಬಿಣದ ಗೂಟದ ಮೇಲೆ ಕೂತು. ಸಮುದ್ರ ಇಡೀ ಎಡಗಡೆಯಿಂದ ಅವರ ಕಡೆ ಇಳೀತಾ ಇದೆ. ಮೇಲೆಲ್ಲ ಖಾಲಿ ಆಕಾಶ. ಲೋಕವೇ ಓರೆಯಾಗಿದೆ, ಅವರೊಬ್ಬರು ಮಾತ್ರ ನೆಟ್ಟಗೆ ಕೂತಿದಾರೆ. ತೀರ್ಪುಗಾರರು ಅದನ್ನೇ ಬರೆದದ್ದು. 'ಜಗತ್ತು ವಾಲಿದಾಗ ನೆಟ್ಟಗೆ ಉಳಿದ ಮುದುಕ' ಅಂತ. 'ಆ ಖಾಲಿ ಜಾಗದಲ್ಲಿ ಅವನು ಯಾರನ್ನ ನೋಡಿ ನಗ್ತಿದಾನೆ ಅಂತ ಹೇಳದೆ ಬಿಟ್ಟದ್ದೇ ಈ ಚಿತ್ರದ ಹಿರಿಮೆ' ಅಂತ. ಮೊದಲ ಬಹುಮಾನ ಕೊಟ್ಟರು. ನಾನು ವೇದಿಕೆ ಹತ್ತಿ ಬಗ್ಗಿ ತಗೊಂಡೆ. ಬಗ್ಗಿದವಳಿಗೆ ಎದ್ದು ನಿಲ್ಲೋಕೆ ಭಯ ಆಯ್ತು.

ಮೇಷ್ಟ್ರು ಹೋದ ದಿನದ ವಿಷಯ ನಿಮಗೆ ಹೇಳಿದೀನಲ್ಲ. ಎಲ್ಲರಿಗೂ ಹೇಳಿದೀನಿ, ಡಾಕ್ಟರಿಗೂ ಹೇಳಿದೀನಿ. ಮತ್ತೆ ಹೇಳಲಾ?

ಮೀನುಗಾರರ ಸಂಘದ ಗುಂಪುಚಿತ್ರ ಆಯ್ತು. ಮೇಷ್ಟ್ರು ಎಂದಿನ ಹಾಗೆ ಗುಳ್ಳೆ ನಡುವಿಗೆ ತಂದು, ಎರಡನೇ ಸಾಲಿನ ಮೊರಿವಾಕಿಗೆ 'ಲೋ, ನಿನ್ನ ಹೊಟ್ಟೆ ಮೊದಲನೇ ಸಾಲಿಗೆ ಬಂದಿದೆ, ಒಳಗೆ ಕರ್ಕೋ' ಅಂತ ಬೈದು, ನಗಿಸಿ, ತೆಗೆದ್ರು. ಎಲ್ಲರೂ ಊಟಕ್ಕೆ ಹೋದ್ರು. ನಾನು ಮೂರುಕಾಲು ಮಡಿಚ್ತಾ ಇದ್ದೆ. ಅವರು ಗೂಟದ ಮೇಲೆ ಕೂತು, 'ಶಿನೊ, ಯಾಕೋ ಇವತ್ತು ನಿನ್ನ ಸಮುದ್ರದ ಹಾಗೆ ನನ್ನ ತಲೇನೂ ಚೆಲ್ತಾ ಇದೆ. ಬಾ, ನನ್ನನ್ನೂ ಒಂದ್ಸಲ ಓರೆಯಾಗಿ ತೆಗೆದುಬಿಡು' ಅಂದ್ರು. ಇಷ್ಟು ವರ್ಷ ಕಾದಿದ್ದೆ ನಾನು ಆ ಮಾತಿಗೆ. ಕಟ್ಟೆಯ ಮೆಟ್ಟಿಲು ಇಳಿದು, ನೀರಿನ ಹತ್ತಿರ ಕೂತು, ಕೆಳಗಿಂದ ಕ್ಯಾಮರಾ ತಿರುಗಿಸಿ ಹಿಡಿದೆ. ಅವರು ನಕ್ಕರು. ತೆಗೆದೆ. ಕ್ಯಾಮರಾ ಚೀಲಕ್ಕೆ ಹಾಕಿ ತಲೆ ಎತ್ತಿ ನೋಡಿದ್ರೆ ಗೂಟದಿಂದ ಜಾರಿದ್ರು. ಅಷ್ಟೆ. ಒಂದು ನೋವಿಲ್ಲ, ನರಳಿಕೆ ಇಲ್ಲ. ತಲೆಯೊಳಗೆ ನಾಳ ಒಡೆದದ್ದು, ಯಾರಿದ್ರೂ ಏನೂ ಮಾಡೋಕಾಗ್ತಿರಲಿಲ್ಲ ಅಂತ ಡಾಕ್ಟರೇ ಅಂದ್ರು. ನೀವೇ ಕೇಳಿಸಿಕೊಂಡಿದ್ದೀರಿ.

ಅಂತ್ಯಕ್ರಿಯೆ ದಿನ ನೀವು ನನ್ನ ಒಂದೇ ಒಂದು ಪ್ರಶ್ನೆ ಕೇಳಿದ್ರಿ. 'ಏನಾದ್ರೂ ಹೇಳಿದ್ರಾ?' ಅಂತ. ಇಲ್ಲ ಅಕ್ಕ, ನಕ್ಕರು ಅಷ್ಟೆ ಅಂದೆ. ನಿಮ್ಮ ಮುಖ ಸ್ವಲ್ಪ ಸಡಿಲಾಯ್ತು. ಆಮೇಲೆ ಬಂದವರಿಗೆಲ್ಲ ನೀವು ಅದನ್ನೇ ಹೇಳ್ತಿದ್ದದ್ದು ನನ್ನ ಕಿವಿಗೆ ಬಿತ್ತು. 'ನಗ್ತಾ ನಗ್ತಾ ಹೋದ್ರಂತೆ, ಯಾರನ್ನೂ ಕೂಗೋ ಕಷ್ಟ ಬರಲಿಲ್ಲವಂತೆ.' ನಿಮಗೆ ಅಷ್ಟಾದ್ರೂ ನೆಮ್ಮದಿ ಸಿಕ್ತಲ್ಲ ಅಂತ ನಾನು…

ಹಾಗಲ್ಲ ಅಕ್ಕ. ಆ ಅಂಚು ಮೇಲೆ. ತಿರುಗಿಸಬೇಡಿ ಅದನ್ನ.

ಅಕ್ಕ, ಹಾಗೆ ನೋಡೋ ಚಿತ್ರ ಅಲ್ಲ ಅದು. ಕೊಡಿ ಇಲ್ಲಿ.

…ಕೊಡಲ್ಲ. ಸರಿ.

ತಿರುಗಿಸಿ ಹಾಗಾದ್ರೆ. ಇನ್ನೂ ಸ್ವಲ್ಪ. ಸಮುದ್ರದ ಗೆರೆ ಚಾಪೆಯ ಅಂಚಿಗೆ ಸರಿಯಾಗೋವರೆಗೂ. ಹ್ಞೂಂ. ಈಗ ಮಟ್ಟ ಆಯ್ತು. ಈಗ ಮೇಷ್ಟ್ರನ್ನ ನೋಡಿ.

ಕತ್ತಲೆ ಕೋಣೆಯಲ್ಲಿ ನಾನೂ ಹೀಗೇ ಮಾಡಿದ್ದು. ನೀವು ನೇರ ಮಾಡಿಕೊಡು ಅಂದ ದಿನವೇ ಕೂತೆ. ದೀಪದ ಕೆಳಗೆ, ಚಿತ್ರ ಬೀಳೋ ಹಲಗೆಯನ್ನ ಮೆಲ್ಲಗೆ ತಿರುಗಿಸಿದೆ. ಸಮುದ್ರ ನೆಟ್ಟಗಾಗ್ತಾ ಬಂತು. ಪೂರ್ತಿ ನೆಟ್ಟಗಾದ ಕೂಡಲೆ ಮೇಷ್ಟ್ರು ಬಿದ್ರು. ನೆಟ್ಟಗೆ ಕೂತ ಮನುಷ್ಯ ಅಲ್ಲ ಅದು. ಬೀಳ್ತಾ ಇರೋ ಮನುಷ್ಯ. ಎಡ ತೋಳು ಒದ್ದೆ ಬಟ್ಟೆಯ ಹಾಗೆ ನೇತಾಡ್ತಿದೆ, ಭುಜ ಜಾರಿದೆ, ಇನ್ನೊಂದು ಕೈ ಹಿಡ್ಕೊಳ್ಳೋಕೆ ಏನೋ ಹುಡುಕ್ತಿದೆ. ದೀಪ ಆರಿಸಿಬಿಟ್ಟೆ. ನೇರ ಮಾಡೋಕೆ ಬರಲ್ಲ ಅಂದದ್ದು ಸುಳ್ಳು. ನೇರ ಮಾಡಿದ್ರೆ ಹೀಗೆ ಕಾಣುತ್ತೆ ಅಂತ ಬೇಡ ಅಂದೆ.

ಅವರು ವಾಲಿದ ಕಡೆಗೇ ನಾನು ಕ್ಯಾಮರಾ ವಾಲಿಸಿದ್ದೆ ಅಕ್ಕ. ಅವರ ಓರೆ, ನನ್ನ ಓರೆ, ಒಂದನ್ನೊಂದು ನುಂಗಿಬಿಡ್ತು. ಕ್ಯಾಮರಾದ ಕಿಂಡಿಯೊಳಗೆ ಅವರು ಗೋಪುರದ ಹಾಗೆ ನೆಟ್ಟಗೆ ಕಾಣಿಸಿದ್ರು. ಆ ಓರೆ ಎಲ್ಲಾ ನನ್ನದೇ ಅಂದ್ಕೊಂಡೆ. ನನ್ನ ಕೈಚಳಕ ಅಂದ್ಕೊಂಡೆ. ಬೇರೆ ಯಾರೇ ಆಗಿದ್ರೂ, ಸುಮ್ಮನೆ ನೆಟ್ಟಗೆ ಕ್ಯಾಮರಾ ಹಿಡಿಯೋ ಒಬ್ಬ ಪ್ರವಾಸಿ ಆಗಿದ್ರೂ, ಕಿಂಡಿಯಲ್ಲಿ ನೋಡಿದ ಕೂಡಲೆ ಅಯ್ಯೋ ಮುದುಕರು ಬೀಳ್ತಿದಾರೆ ಅಂತ ಓಡ್ತಿದ್ದ. ನಾನು ಮಾತ್ರ… ನನಗೆ ಮಾತ್ರ ಕಾಣದೆ ಹೋಯ್ತು.

ಇಷ್ಟೇ ಅಕ್ಕ ನನ್ನ ತಪ್ಪು. ಇದನ್ನ ಹೊತ್ತುಕೊಂಡೇ ಬಂದೆ ಇವತ್ತು. ಕಾಣಲಿಲ್ಲ. ಪಾಪಿಯ ಕೈಯನ್ನ ಅಮಿದಾ ಎಲ್ಲರಿಗಿಂತ ಮೊದಲು ಹಿಡೀತಾನೆ ಅಂತ ಗುರುಗಳು ಹೇಳ್ತಾರೆ. ನನ್ನದೂ ಹಿಡಿದಾನು. ನೀವು ಕ್ಷಮಿಸಬೇಕು ಅಂತ ಕೇಳೋ ಧೈರ್ಯ ಇಲ್ಲ. ನಾಳೆ ಇದನ್ನ ಹಾಕಬೇಡಿ, ಸುಟ್ಟುಬಿಡಿ ಅಂದ್ರೆ ಈಗಲೇ ಅಂಗಳಕ್ಕೆ ತಗೊಂಡು ಹೋಗ್ತೀನಿ. ಪ್ರದರ್ಶನದವರಿಗೂ ತೆಗೆದುಬಿಡಿ ಅಂತ ಹೇಳ್ತೀನಿ. ಬಹುಮಾನ ವಾಪಸು ಕೊಡ್ತೀನಿ.

…ಏನಾದ್ರೂ ಅನ್ನಿ.

ಯಾಕೆ ಅಲ್ಲಿ ಬೆರಳಿಟ್ಟಿದ್ದೀರಿ?

ಅದು ಬಾಯಿ ಅಕ್ಕ. ನಗ್ತಿದಾರೆ. ಎಲ್ಲರೂ ಹೇಳಿದ್ರಲ್ಲ, ಎಷ್ಟು ಚೆಂದ ನಗ್ತಿದಾರೆ ಅಂತ. ತೀರ್ಪುಗಾರರೂ ಬರೆದಿದಾರೆ… ಗೊತ್ತು. ಮೇಷ್ಟ್ರು ಬಾಯಿ ತೆರೆದು ನಗೋರಲ್ಲ. ಕಟ್ಟಿಸಿದ ಹಲ್ಲು ಜಾರುತ್ತೆ ಅಂತ ತುಟಿ ಬಿಗಿ ಹಿಡಿದೇ ನಗ್ತಿದ್ರು. ಅದನ್ನ ನಿಮಗೆ ನಾನು ಹೇಳಬೇಕಾ. ಆದ್ರೆ ಅವತ್ತು ಯಾಕೋ… ಗಾಳಿಯೂ ಇತ್ತು… ನನ್ನ ಕಡೆ ನೋಡಬೇಡಿ ಹಾಗೆ.

ಎಲ್ಲಿಗೆ ಎದ್ರಿ? ಅಕ್ಕ? ಆ ಕಿಟಕಿ ಯಾಕೆ ತೆಗೀತೀರಿ, ಚಳಿ ಬರುತ್ತೆ.

ಹೌದು. ಕಾಣುತ್ತೆ. ಇಲ್ಲಿಂದ ಕಟ್ಟೆ ಕಾಣುತ್ತೆ, ಗೂಟಾನೂ ಕಾಣುತ್ತೆ. ಅಲ್ಲಿಂದ ಈ ಕಿಟಕೀನೂ ಕಾಣುತ್ತೆ. ಅವತ್ತು ನೀವು ಅಂಗಳದಲ್ಲಿ ಮೂಲಂಗಿ ಒಣಹಾಕ್ತಾ ಇದ್ರಿ. ತಲೆಗೆ ಬಿಳಿ ಬಟ್ಟೆ ಕಟ್ಟಿದ್ರಿ. ನಾನು ನೋಡಿದ್ದೆ.

ಫೋಟೊದಲ್ಲಿ ಅವರ ಕಣ್ಣು ಯಾವ ಕಡೆಗಿದೆ ಅಂತ ಅಳೆದು ನೋಡ್ತಿದ್ದೀರಾ? ಅಳೀಬೇಡಿ. ಆ ಖಾಲಿ ಕಡೆಗೆ. ಈ ಮನೆ ಕಡೆಗೆ.

ಅಕ್ಕ, ಕೂತ್ಕೊಳ್ಳಿ.

ಕೂತ್ಕೊಳ್ಳಿ ಅಕ್ಕ. ಬೈಯಿರಿ. ಹೊಡೀರಿ. ಮೇಷ್ಟ್ರು ಹೋದ ದಿನದಿಂದ ನೀವು ನನ್ನನ್ನ ಒಂದು ಸಲ ಬೈದಿದ್ರೂ ನಾನು ಇಷ್ಟು ಹೊತ್ತು ಸುತ್ತಿ ಸುತ್ತಿ ಮಾತಾಡ್ತಿರಲಿಲ್ಲ. ನೀವು ಸುಮ್ಮನೆ ಇದ್ರೆ ನನಗೆ ಮುಚ್ಚಿಕೊಳ್ಳೋಕೆ ಏನೂ ಉಳಿಯಲ್ಲ…

ಮಾತಾಡಿದ್ರು.

ಮೇಷ್ಟ್ರು ಮಾತಾಡಿದ್ರು ಅಕ್ಕ. ನಾನು ಆಗಲೇ ಒಂದು ತೆಗೆದಾಗಿತ್ತು. ಅದು ಚೆನ್ನಾಗಿ ಬಂದಿರಲಿಲ್ಲ, ಅವರು ನಡುವಿಗೆ ಹತ್ತಿರ ಇದ್ರು, ತೂಕ ಒಂದು ಕಡೆಗೆ ಬಿದ್ದಿರಲಿಲ್ಲ. ಎರಡನೇದಕ್ಕೆ ಅಂತ ಕ್ಯಾಮರಾ ತಿರುಗಿಸ್ತಾ ಇದ್ದೆ. 'ಶಿನೊ, ಕೈ ಬರ್ತಾ ಇಲ್ಲ' ಅಂದ್ರು. ಬರದಿದ್ರೆ ಬಿಡಿ ಮೇಷ್ಟ್ರೇ, ಹಾಗೇ ಇರಲಿ, ತುಂಬ ಚೆನ್ನಾಗಿದೆ ಅಂದೆ. ಅವರು ವಾಲಿದ್ರು. ನನಗೆ ಕಾಣಿಸ್ತು. ಕಿಂಡಿಯಿಂದ ಕಣ್ಣು ತೆಗೆದು ಒಂದು ಸಲ ನೋಡಿದ್ದೆ ನಾನು. ಮತ್ತೆ ಕಿಂಡಿಗೇ ಕಣ್ಣಿಟ್ಟೆ. ಆಗ ಅವರು ನಿಮ್ಮ ಕಡೆ ನೋಡಿ…

'ಕಿನೂನ ಕರಿ' ಅಂದ್ರು.

ಒಂದು ಕೂಗು ಹಾಕಿದ್ರೆ ಸಾಕಿತ್ತು. ಮೂಲಂಗಿ ಅಲ್ಲೇ ಬಿಟ್ಟು ಬಂದಿರ್ತಿದ್ರಿ. ಉಳಿಸೋಕೆ ಆಗದಿದ್ರೂ ಅವರ ತಲೆ ನಿಮ್ಮ ತೊಡೆ ಮೇಲೆ ಇರ್ತಿತ್ತು. ನನಗೆ ಕೇಳಿಸ್ತು ಅಕ್ಕ, ಸ್ಪಷ್ಟವಾಗಿ ಕೇಳಿಸ್ತು. ನಿಮ್ಮನ್ನೂ ಪಕ್ಕದಲ್ಲಿ ನಿಲ್ಲಿಸಿ ಜೋಡಿಯಾಗಿ ತೆಗೆಸಿಕೊಳ್ಳೋ ಆಸೆ ಇವರಿಗೆ ಅಂತ ನನಗೆ ನಾನೇ ಅಂದ್ಕೊಂಡೆ. ನೀವು ಬಂದು ನಿಂತ್ರೆ ಎಡಗಡೆಯ ಖಾಲಿ ತುಂಬಿಹೋಗುತ್ತೆ, ಚಿತ್ರ ಕೆಡುತ್ತೆ ಅಂತ… ಕರೀತೀನಿ ಮೇಷ್ಟ್ರೇ, ಒಂದು ನಿಮಿಷ ಅಂದು, ಇದನ್ನ ತೆಗೆದೆ.